ನಾಲ್ಕು ಜನರ ಓಟು

ಹಾಕಿದ ಓಟನ್ನ ವಾಪಸ್ ಇಸ್ಕೊಂಡಿದೀನಿ ಅಂದ್ರೆ ಊರಲ್ಲಿ ಯಾರೂ ನಂಬಲ್ಲ. ಅಮ್ಮನಿಗೆ ಫೋನಲ್ಲಿ ಹೇಳಿದಾಗ "ಬಟನ್ ಒತ್ತಿ ಪೀಂ ಅಂದ್ಮೇಲೆ ಮುಗೀತಲ್ವೇನೇ, ಅದೇನು ಬ್ಲೌಸ್ ಪೀಸಾ ವಾಪಸ್ ಕೊಡಕ್ಕೆ" ಅಂದ್ರು. ಆದ್ರೆ ನಾವಿರೋ ಮಿಶಿಗನ್ನಲ್ಲಿ ಅದು ಬ್ಲೌಸ್ ಪೀಸೇ. 2020ರಲ್ಲಿದ್ದ ರೂಲ್ಸ್ ಪ್ರಕಾರ, ಮೊದಲೇ ಪೋಸ್ಟಲ್ಲೋ ಡ್ರಾಪ್ ಬಾಕ್ಸಲ್ಲೋ ಕಳಿಸಿದ ಬ್ಯಾಲೆಟ್ ಆಗಿದ್ರೆ, ಎಲೆಕ್ಷನ್ ಹಿಂದಿನ ದಿನ ಸಂಜೆ ನಾಲ್ಕರೊಳಗೆ ಸಿಟಿ ಕ್ಲರ್ಕ್ ಆಫೀಸಿಗೆ ಹೋಗಿ, ಇದನ್ನ ಸ್ಪಾಯ್ಲ್ ಮಾಡಿ, ಅಂದ್ರೆ ರದ್ದು ಮಾಡಿ, ನಂಗೆ ಹೊಸದು ಕೊಡಿ ಅಂತ ಬರೆದು ಸೈನ್ ಹಾಕಿದ್ರೆ ಆಗ್ತಿತ್ತು. 2020ರ ಮಾರ್ಚ್ 9, ಸೋಮವಾರ ಮಧ್ಯಾಹ್ನ ಲಂಚ್ ಬ್ರೇಕಲ್ಲಿ ನಾನು ಹಂಗೆ ಹೋಗಿ ನಿಂತಿದ್ದೆ. ಮಾರನೇ ದಿನ ನಮ್ಮ ಸ್ಟೇಟಿನ ಪ್ರೈಮರಿ, ಅಂದ್ರೆ ಪಾರ್ಟಿಯ ಪ್ರೆಸಿಡೆಂಟ್ ಟಿಕೆಟ್ ಯಾರಿಗೆ ಅಂತ ಓಟರ್‌ಗಳೇ ಆರಿಸೋ ಎಲೆಕ್ಷನ್. ನನ್ನ ಮುಂದೆ ಏಳೆಂಟು ಜನ, ಒಬ್ಬರ ಮುಖ ಒಬ್ಬರು ನೋಡ್ದೆ ಫೋನ್ ನೋಡ್ಕೊಂಡು ನಿಂತಿದ್ರು, ಎಲ್ಲರಿಗೂ ಒಂಥರಾ ಉಟ್ಟ ಸೀರೆ ವಾಪಸ್ ಮಾಡಕ್ಕೆ ಬಂದವರ ಮುಜುಗರ. ಕೌಂಟರಲ್ಲಿದ್ದ ವಯಸ್ಸಾದ ಹೆಂಗಸು ನಗ್ತಾ "ನಿಮ್ಮವರು ಯಾರು ರೇಸ್ ಬಿಟ್ಟು ಓಡಿ ಹೋದ್ರು?" ಅಂತ ಕೇಳಿ, ತಕ್ಷಣ ಕೈ ಅಡ್ಡ ಮಾಡಿ, "ಬೇಡ ಬೇಡ, ನಾನು ಕೇಳೋ ಹಾಗಿಲ್ಲ" ಅಂದ್ರು. ಒಳಗೆ ಹೋಗಿ ಟ್ರೇಯಿಂದ ನನ್ನ ಸೈನ್ ಇದ್ದ ಕವರ್ ಹುಡುಕಿ ತಂದ್ರು. ಒಡೀಲಿಲ್ಲ. ಮೇಲೆ ದಪ್ಪ ಪೆನ್ನಲ್ಲಿ ಸ್ಪಾಯ್ಲ್ಡ್ ಅಂತ ಬರೆದು ಪಕ್ಕಕ್ಕಿಟ್ರು.

ಒಡೀದೇ ಇದ್ದಿದ್ದು ಒಳ್ಳೇದಾಯ್ತು. ಒಳಗೆ ನಾನು ಕಪ್ಪು ಮಾಡಿದ್ದ ಹೆಸರು ಬಿಲಿಯನೇರ್ ಮೈಕೆಲ್ ಬ್ಲೂಮ್‌ಬರ್ಗ್. ಇವತ್ತಿಗೂ ನನ್ನ ಗಂಡನಿಗೆ ಬಿಟ್ರೆ ಯಾರಿಗೂ ಹೇಳಿಲ್ಲ, ಈಗ ನಿಮಗೆ ಹೇಳ್ತಿದೀನಿ.

ಪ್ರೈಮರಿ ಅಂದ್ರೇನು ಅಂತ ಊರಿನವರು ಕೇಳಿದ್ರೆ ನಾನು ಬಿ ಫಾರಂ ಉದಾಹರಣೆ ಕೊಡ್ತೀನಿ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನ ಮಾಡತ್ತೆ, ಆಕಾಂಕ್ಷಿಗಳು ದಿಲ್ಲಿಗೆ ಹೋಗಿ ಠಿಕಾಣಿ ಹೂಡ್ತಾರೆ, ಸಿಕ್ಕಿದವನಿಗೆ ಹಾರ, ಸಿಗದೇ ಇದ್ದವನು ಬಂಡಾಯ, ಓಟರ್ ಪಾಪ ಬಡಿಸಿದ್ದನ್ನ ಉಣ್ಣಬೇಕು. ಇಲ್ಲೂ ಮೊದಲು ಹೆಚ್ಚುಕಮ್ಮಿ ಹಂಗೇ ಇತ್ತು, 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಲೂ ನಿಲ್ಲದೆ ಡೆಮಾಕ್ರಟಿಕ್ ಟಿಕೆಟ್ ತಗೊಂಡ್ರು, ಶಿಕಾಗೋದಲ್ಲಿ ಒಳಗೆ ಕನ್ವೆನ್ಷನ್, ಅಂದ್ರೆ ಟಿಕೆಟ್ ಕೊಡೋ ಪಾರ್ಟಿ ಸಮಾವೇಶ, ಹೊರಗೆ ರೋಡಲ್ಲಿ ಪೊಲೀಸರು ಹುಡುಗರಿಗೆ ಬಡಿಯೋದು, ಅದು ಟಿವಿಲಿ ದೇಶಕ್ಕೆಲ್ಲ ಕಾಣೋದು, ಕೊನೆಗೆ ನವೆಂಬರಲ್ಲಿ ಸೋಲು. ಅದಾದ್ಮೇಲೆ ರೂಲ್ಸ್ ಬದಲಾಯ್ಸಿ ಬಿ ಫಾರಂ ಬರೆಯೋ ಪೆನ್ನನ್ನ ಓಟರ್ ಕೈಗೆ ಕೊಟ್ರು. ಜನವರಿಯಿಂದಲೋ ಫೆಬ್ರವರಿಯಿಂದಲೋ ಶುರುವಾಗಿ ಜೂನ್ ತನಕ ಬೇರೆ ಬೇರೆ ಸ್ಟೇಟು ಬೇರೆ ಬೇರೆ ದಿನ ಓಟ್ ಮಾಡತ್ತೆ. ಮಿಶಿಗನ್ನಲ್ಲಿ ಇನ್ನೊಂದು ವಿಶೇಷ, ನಾವ್ಯಾರೂ ಪಾರ್ಟಿ ಹೆಸರಲ್ಲಿ ರಿಜಿಸ್ಟರ್ ಆಗಿರಲ್ಲ, ಯಾವ ಪಾರ್ಟಿ ಬ್ಯಾಲೆಟ್ ಬೇಕು ಅಂತ ಆ ಸಲ ಟಿಕ್ ಮಾಡ್ಬೇಕು ಅಷ್ಟೇ. ಯಾರಿಗೆ ಹಾಕಿದ್ರಿ ಅನ್ನೋದು ಗುಟ್ಟು, ಯಾವ ಪಾರ್ಟಿ ಹಾಳೆ ಇಸ್ಕೊಂಡ್ರಿ ಅನ್ನೋದು ಗುಟ್ಟಲ್ಲ, ಯಾರು ಬೇಕಾದ್ರೂ ಕೇಳಿ ಲಿಸ್ಟ್ ತಗೋಬಹುದು. ಮೊದಲ ಸಲ ಆ ಚೌಕಕ್ಕೆ ಟಿಕ್ ಹಾಕುವಾಗ ಶಾಲೆ ಅರ್ಜಿಲಿ ಜಾತಿ ಕಾಲಂ ತುಂಬಿದ ಹಾಗೆ ಅನ್ನಿಸ್ತು.

ಇಷ್ಟೆಲ್ಲ ವ್ಯವಸ್ಥೆ ಇರೋದು ನಿಮಗೆ ಮನಸಾರೆ ಯಾರು ಬೇಕೋ ಅವರನ್ನ ಆರಿಸಿ ಅಂತ ತಾನೇ? ರಾಜಿ ಗೀಜಿ ಎಲ್ಲ ನವೆಂಬರ್‌ಗೆ ಇಟ್ಕೊಳ್ಳಿ, ಈಗ ಆಸೆ ಪಡಿ ಅಂತ. ಆದ್ರೆ ನಾನು ನೋಡಿದ ಹಾಗೆ ಜನ ಜಾಸ್ತಿ ರಾಜಿ ಮಾಡ್ಕೊಳ್ಳೋದೇ ಪ್ರೈಮರಿಲಿ. ನವೆಂಬರಲ್ಲಿ ಗೆಲ್ಲೋ ಛಾನ್ಸ್ ಇರೋದೇ ಇಬ್ಬರಿಗೆ, ಅಲ್ಲಿ ರಾಜಿ ಅನ್ನೋಕೂ ಏನಿಲ್ಲ.

2020ರಲ್ಲಿ ನನ್ನ ಮನಸಲ್ಲಿದ್ದಿದ್ದು ಮ್ಯಾಸಚೂಸೆಟ್ಸ್ ಸೆನೆಟರ್ ಎಲಿಜಬೆತ್ ವಾರನ್. ನಾನು ಅಕೌಂಟ್ಸ್ ಕೆಲಸದವಳು, ಯಾವುದೇ ವಿಷಯಕ್ಕೂ ಲೆಕ್ಕ ಬರೆದಿಟ್ಟು ಮಾತಾಡೋ ಹೆಂಗಸು ನಂಗೆ ಇಷ್ಟ ಆಗ್ದೆ ಇರಕ್ಕೆ ಸಾಧ್ಯನೇ ಇರಲಿಲ್ಲ. ಆದ್ರೆ ಆ ವರ್ಷ ಸಂಕ್ರಾಂತಿ ಊಟದಲ್ಲಿ ನಾವು ಐದಾರು ಹೆಂಗಸರು ಪೇಪರ್ ಪ್ಲೇಟ್ ಹಿಡ್ಕೊಂಡು ಗೋಡೆ ಪಕ್ಕ ನಿಂತು ಮಾತಾಡಿದ್ದು ನಂಗೆ ಇನ್ನೂ ಹಂಗೇ ನೆನಪಿದೆ. ಒಬ್ಬಳು "ನಂಗೇನೋ ವಾರನ್ ಇಷ್ಟ ಕಣ್ರೇ, ಆದ್ರೆ ಜನ ಹೆಂಗಸಿಗೆ ಓಟ್ ಹಾಕಲ್ಲ, ಹಿಲರಿ ನೋಡ್ಲಿಲ್ವಾ" ಅಂದ್ಳು. ಇನ್ನೊಬ್ಬಳು "ಹೌದು, ನಂಗೂ ಅವಳೇ, ಆದ್ರೆ ಜನ." ನಾನೂ ತಲೆ ಆಡಿಸಿದೆ. ಐದು ಜನ ಹೆಂಗಸರು, ಐದೂ ಜನಕ್ಕೆ ಒಬ್ಬಳೇ ಇಷ್ಟ, ಐದೂ ಜನ ಅವಳಿಗೆ ಹಾಕಲ್ಲ ಅಂತ ತೀರ್ಮಾನ ಮಾಡಿ ಮೊಸರನ್ನ ತಿಂದು ಮನೆಗೆ ಬಂದ್ವಿ.

ಇದು ನಮ್ಮ ಕಡೆ ಸಂಬಂಧ ನೋಡುವಾಗ ನಡೆಯೋ ಮಾತೇ. "ಹುಡುಗಿ ಚಿನ್ನದಂಥವಳು, ನಮಗೇನೂ ಅಭ್ಯಂತರ ಇಲ್ಲ, ಆದ್ರೆ ಅಜ್ಜಿ ಒಪ್ಪಲ್ಲ." ಆ ಅಜ್ಜಿನ ಯಾರೂ ಕೇಳಿರಲ್ಲ. ಅವಳು ಒಳಗಡೆ ಕೋಣೆಲಿ ಸೀರಿಯಲ್ ನೋಡ್ತಾ ಇರ್ತಾಳೆ, ಕೇಳಿದ್ರೆ ಬಹುಶಃ ನಂಗೇನ್ರಪ್ಪ ಅಂತಿದ್ಲು. ಆದ್ರೆ ಎಲ್ಲರೂ ತಮ್ಮ ಅಂಜಿಕೆನ ಅವಳ ಹೆಗಲಿಗೆ ಹಾಕಿ ಕೈ ತೊಳ್ಕೋತಾರೆ. ನಾಲ್ಕು ಜನ ಏನಂತಾರೆ ಅನ್ನೋದ್ರಲ್ಲಿ ಆ ನಾಲ್ಕು ಜನ ಯಾರು ಅಂತ ನಮ್ಮೂರಲ್ಲಿ ಯಾರಾದ್ರೂ ಯಾವತ್ತಾದ್ರೂ ಲಿಸ್ಟ್ ಮಾಡಿದಾರಾ?

ಅಮೆರಿಕಾದ ಅಜ್ಜಿ ಯಾರು ಅಂದ್ರೆ ನಮ್ಮ ಪಕ್ಕದ ಕೌಂಟಿಯವನು. ನಾವಿರೋದು ಓಕ್ಲೆಂಡ್ ಕೌಂಟಿ, ಪಕ್ಕದ್ದು ಮೆಕಾಂಬ್. ಕಾರ್ ಫ್ಯಾಕ್ಟರಿ ಕೆಲಸಗಾರರ ಏರಿಯಾ. ಒಂದು ಕಾಲದಲ್ಲಿ ಅಪ್ಪಟ ಡೆಮಾಕ್ರಟಿಕ್, ಎಂಬತ್ತರ ದಶಕದಲ್ಲಿ ರಿಪಬ್ಲಿಕನ್ ರೇಗನ್ ಕಡೆ ವಾಲಿತು, ರೇಗನ್ ಡೆಮಾಕ್ರಟ್ಸ್ ಅನ್ನೋ ಮಾತು ಕೇಳಿದ್ರೆ ಮೊದಲು ನೆನಪಾಗೋದೇ ಈ ಜಾಗ, ಒಬಾಮಾ ಎರಡು ಸಲನೂ ಅಲ್ಲಿ ಗೆದ್ರು, 2016ರಲ್ಲಿ ಟ್ರಂಪ್ ಗೆದ್ರು. ಅವತ್ತಿಂದ ಟಿವಿಲಿ ಕೂತ ಪಂಡಿತರೆಲ್ಲ ಮಾತಾಡೋದು ಮೆಕಾಂಬ್ ಕೌಂಟಿಯ ಒಬ್ಬ ಕಾಲ್ಪನಿಕ ಗಂಡಸಿನ ಬಗ್ಗೆ, ಐವತ್ತು ದಾಟಿದವನು, ಯೂನಿಯನ್ ಕಾರ್ಡ್ ಇರೋನು, ಡೈನರ್‌ನಲ್ಲಿ ಕೂತು ಕಾಫಿ ಕುಡಿಯೋನು. ಅವನು ಒಪ್ತಾನಾ? ಇವಳನ್ನ ಒಪ್ತಾನಾ? ಈ ಸೋಷಿಯಲಿಸ್ಟ್ ಅಂತ ಕರ್ಕೊಳ್ಳೋ ಬರ್ನಿ ಸ್ಯಾಂಡರ್ಸ್‌ನ ಒಪ್ತಾನಾ? ನಾನೂ ಬ್ಯಾಲೆಟ್ ಮುಂದಿಟ್ಕೊಂಡು ಯೋಚನೆ ಮಾಡಿದ್ದು ಅವನ ಬಗ್ಗೆನೇ ಹೊರತು ನನ್ನ ಬಗ್ಗೆ ಅಲ್ಲ. ಹಾಳೆ ಮೇಲೆ ಹದಿನೈದು ಹೆಸರು, ಅದ್ರಲ್ಲಿ ಜನವರಿಲೇ ಮನೆಗೆ ಹೋದವರ ಹೆಸರೂ ಇತ್ತು, ಪ್ರಿಂಟ್ ಆಗಿಬಿಟ್ಟಿತ್ತಲ್ಲ. ಬೈಡನ್ ಅಯೋವಾದಲ್ಲಿ ನಾಲ್ಕನೇ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇ ಜಾಗಕ್ಕೆ ಜಾರಿದ್ರು, ಆ ಕುದುರೆ ಸತ್ತೇ ಹೋಯ್ತು ಅಂದ್ಕೊಂಡೆ. ಟಿವಿ ಹಾಕಿದ್ರೆ ಬ್ಲೂಮ್‌ಬರ್ಗ್, ಯೂಟ್ಯೂಬ್ ಹಾಕಿದ್ರೆ ಬ್ಲೂಮ್‌ಬರ್ಗ್, ಜಾಹೀರಾತಿಗೇ 50 ಕೋಟಿ ಡಾಲರಿಗೂ ಹೆಚ್ಚು ಸುರಿದ ಮನುಷ್ಯ. ಮೂರು ಸಲ ನ್ಯೂಯಾರ್ಕ್ ಮೇಯರ್, ದುಡ್ಡಿದೆ, ಟ್ರಂಪಿಗೆ ಟ್ರಂಪ್ ಭಾಷೆಲೇ ಉತ್ತರ ಕೊಡ್ತಾನೆ, ಮೆಕಾಂಬ್ ಅಣ್ಣ ಒಪ್ತಾನೆ. ಹಂಗಂತ ಲೆಕ್ಕ ಹಾಕಿ ಫೆಬ್ರವರಿ 18ಕ್ಕೆ ಡ್ರಾಪ್ ಬಾಕ್ಸಿಗೆ ಹಾಕಿ ಬಂದೆ.

19ಕ್ಕೆ ಲಾಸ್ ವೇಗಸ್ಸಲ್ಲಿ ಡಿಬೇಟು. ನೋಡಿದವರಿಗೆ ಗೊತ್ತು. ವಾರನ್ ಶುರುವಿನಲ್ಲೇ, ಹೆಂಗಸರ ಬಗ್ಗೆ ಅವಹೇಳನ ಮಾಡಿದ ಒಬ್ಬ ಬಿಲಿಯನೇರ್ ಬಗ್ಗೆ ಮಾತಾಡ್ತೀನಿ ಅಂದು, ನಾನು ಹೇಳ್ತಿರೋದು ಟ್ರಂಪ್ ಬಗ್ಗೆ ಅಲ್ಲ, ಇಗೋ ಈ ಬ್ಲೂಮ್‌ಬರ್ಗ್ ಬಗ್ಗೆ ಅಂದ್ರು. ಆಮೇಲೆ ಅವರ ಕಂಪನಿ ಹೆಂಗಸರ ಹತ್ರ ಬಾಯಿ ಮುಚ್ಚಿಕೊಂಡಿರಿ ಅಂತ ಸೈನ್ ಮಾಡಿಸ್ಕೊಂಡ ಅಗ್ರಿಮೆಂಟುಗಳನ್ನ ಹಿಡ್ಕೊಂಡು ಜಾಡಿಸಿದ್ರು ನೋಡಿ, ಆ ಯಪ್ಪ ಮುಖ ಸಿಂಡರಿಸಿಕೊಂಡು ನಿಂತಿದ್ದು. ನಾನು ಸೋಫಾ ಮೇಲೆ ಚಕ್ಕುಲಿ ಹಿಡ್ಕೊಂಡು ಕೂತಿದ್ದೆ, ತಿನ್ನಕ್ಕಾಗಲಿಲ್ಲ. ಗಂಡ ಏನೂ ಮಾತಾಡಲಿಲ್ಲ, ಟಿವಿ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದ್ರು ಅಷ್ಟೇ. ನಂಗೆ ಬೇಕಾದವಳು ನಾನು ಓಟ್ ಹಾಕಿದವನನ್ನ ನನ್ನ ಕಣ್ಣೆದುರೇ ಮಣ್ಣು ಮುಕ್ಕಿಸ್ತಿದ್ದಾಳೆ, ನಾನು ಯಾರ ಪರ ಚಪ್ಪಾಳೆ ಹೊಡೀಲಿ?

ಆಮೇಲಿನ ಎರಡು ವಾರ ಗಿರಗಿಟ್ಲೆ ತಿರುಗಿದ ಹಾಗೆ ತಿರುಗಿತು. ಫೆಬ್ರವರಿ 26ಕ್ಕೆ ಸೌತ್ ಕ್ಯಾರೊಲೈನಾದ ಹಿರಿಯ ಕಾಂಗ್ರೆಸ್‌ಮನ್ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಹೇಳಿದ್ರು, 29ಕ್ಕೆ ಅಲ್ಲಿ ಬೈಡನ್‌ಗೆ ಹತ್ರಹತ್ರ ಅರ್ಧದಷ್ಟು ಓಟು. ರೇಸಲ್ಲಿದ್ದವರಲ್ಲಿ ಮಾರ್ಚ್ 1ಕ್ಕೆ ಬೂಟಜೆಜ್ ಔಟ್, 2ಕ್ಕೆ ಕ್ಲೋಬುಶಾರ್ ಔಟ್, ಅವತ್ತೇ ರಾತ್ರಿ ಇಬ್ಬರೂ ಡಲ್ಲಾಸಿಗೆ ಹೋಗಿ ಬೈಡನ್‌ಗೆ ಜೈ. 3ನೇ ತಾರೀಕು ಸೂಪರ್ ಟ್ಯೂಸ್‌ಡೇ, ಒಂದೇ ದಿನ ಓಟ್ ಮಾಡಿದ ಹದಿನಾಲ್ಕು ಸ್ಟೇಟಲ್ಲಿ ಹತ್ತು ಬೈಡನ್‌ಗೆ. 4ಕ್ಕೆ ಬ್ಲೂಮ್‌ಬರ್ಗ್ ಔಟ್, ಅಷ್ಟು ದುಡ್ಡು ಸುರಿದು ಗೆದ್ದಿದ್ದು ಅಮೆರಿಕನ್ ಸಮೋವಾ ಅನ್ನೋ ದ್ವೀಪ ಒಂದನ್ನ. 5ಕ್ಕೆ ವಾರನ್ ಔಟ್, ಅವರದೇ ಮ್ಯಾಸಚೂಸೆಟ್ಸಲ್ಲಿ ಮೂರನೇ ಜಾಗ. ನಮ್ಮ ಸಂಕ್ರಾಂತಿ ಗೋಡೆ ಪಕ್ಕದ ಮಾತು ದೇಶದ ಎಷ್ಟು ಗೋಡೆ ಪಕ್ಕ ನಡೆದಿತ್ತೋ.

ಹಂಗಾಗಿ ಕ್ಲರ್ಕ್ ಆಫೀಸಲ್ಲಿ ಹೊಸ ಹಾಳೆ ಕೈಗೆ ಬಂದಾಗ ಅದರಲ್ಲಿ ಅವೇ ಹದಿನೈದು ಹೆಸರು, ವಾರನ್ ಹೆಸರೂ ಇತ್ತು. ರೇಸಲ್ಲಿಲ್ಲ, ಆದ್ರೆ ಹಾಳೆ ಮೇಲೆ ಇದಾರೆ. ರಟ್ಟಿನ ಅಡ್ಡ ಗೋಡೆ ಇಟ್ಟ ಮೂಲೆ ಟೇಬಲ್ ಮೇಲೆ ಪೆನ್ ಹಿಡ್ಕೊಂಡು ಒಂದೆರಡು ನಿಮಿಷ ನಿಂತೆ. ಈಗ ಹಾಕಿದ್ರೂ ಯಾರಿಗೂ ನಷ್ಟ ಇಲ್ಲ, ಲಾಭನೂ ಇಲ್ಲ, ಮನಸಿಗೆ ಸಮಾಧಾನ. ಹಾಕ್ದೆ ಅಂತ ಇಲ್ಲಿ ಬರೆದಿದ್ರೆ ಚೆನ್ನಾಗಿರೋದು. ಬೈಡನ್ ಪಕ್ಕದ ಗೋಲ ತುಂಬಿಸಿ ಕವರ್ ಅಂಟಿಸಿ ಕೊಟ್ಟೆ. ಅವತ್ತು ಸಂಜೆ ಡೆಟ್ರಾಯಿಟ್‌ನ ಒಂದು ಹೈಸ್ಕೂಲಲ್ಲಿ ಬೈಡನ್ ರ‍್ಯಾಲಿ, ಪಕ್ಕದಲ್ಲಿ ಕಮಲಾ ಹ್ಯಾರಿಸ್, ಕೋರಿ ಬುಕರ್, ನಮ್ಮ ಗವರ್ನರ್ ಗ್ರೆಚೆನ್ ವಿಟ್ಮರ್, ನಾನೊಂದು ಸೇತುವೆ ಅಷ್ಟೇ ಅಂತ ಮುಂದಿನ ತಲೆಮಾರಿನವರನ್ನ ತೋರಿಸಿ ಹೇಳಿದ್ರು. ಆ ಸೇತುವೆ ಮಾತನ್ನ ನಾಲ್ಕು ವರ್ಷ ಆದ್ಮೇಲೆ ನಮ್ಮನೇಲಿ ಒಬ್ಬ ನಂಗೆ ತಿರುಗಿಸಿ ಹೊಡೆದ, ಅದಕ್ಕೆ ಆಮೇಲೆ ಬರ್ತೀನಿ. ಮಾರನೇ ದಿನ ರಾತ್ರಿ ರಿಸಲ್ಟ್ ಜೊತೆಗೇ ಮಿಶಿಗನ್ನಲ್ಲಿ ಮೊದಲ ಎರಡು ಕೊರೋನಾ ಕೇಸು ಅಂತ ಸುದ್ದಿ ಬಂತು, ಅಲ್ಲಿಗೆ ಪ್ರೈಮರಿ ವಿಷಯ ಎಲ್ಲರೂ ಮರೆತ್ರು.

ಒಂದು ಹೇಳ್ಬೇಕು. ಆ ವರ್ಷ ಬೇಸಿಗೆಲಿ, ನನ್ನ ಜೊತೆ ಕೆಲಸ ಮಾಡೋ ಮೆಕಾಂಬ್ ಕಡೆಯವನೊಬ್ಬ, ಐವತ್ತೈದು ವಯಸ್ಸು, ಅಪ್ಪ ಇಬ್ಬರು ಅಣ್ಣಂದಿರು ಎಲ್ಲ ಅಸೆಂಬ್ಲಿ ಲೈನಲ್ಲಿ ದುಡಿದವರು, ಅಂದ್ರೆ ಟಿವಿಯವರು ಹೇಳೋ ಅದೇ ಮನುಷ್ಯ ರಕ್ತಮಾಂಸ ತುಂಬ್ಕೊಂಡು ನಮ್ಮ ಆಫೀಸಲ್ಲೇ ಇದ್ದ, ಅವನನ್ನ ಝೂಮ್ ಕಾಲ್ ಮುಗಿಯುವಾಗ ಮೆಲ್ಲಗೆ ಕೇಳಿದೆ, ಪ್ರೈಮರಿಲಿ ಏನು ಮಾಡಿದೆ ಅಂತ. "ಅಯ್ಯೋ, ಹೋಗಲೇ ಇಲ್ಲ, ಅವತ್ತು ವಾಟರ್ ಹೀಟರ್ ಸೋರ್ತಿತ್ತು" ಅಂದ. ಅವನಿಗೋಸ್ಕರ ನಾನು ಎರಡು ಸಲ ಓಟು ಬದಲಾಯ್ಸಿದ್ದೆ.

ಪಕ್ಷನಿಷ್ಠೆ ವಿಷಯಕ್ಕೆ ಬಂದ್ರೆ ನಂಗೆ ತಲೆ ಇನ್ನೂ ಕೆಡತ್ತೆ, ಯಾಕಂದ್ರೆ ನಿಷ್ಠೆ ಇರ್ಬೇಕು ಅಂತ ಹೇಳಿಸ್ಕೊಳ್ಳೋದು ಯಾವಾಗಲೂ ಓಟರ್. ಬ್ಲೂಮ್‌ಬರ್ಗ್ ಡೆಮಾಕ್ರಟ್ ಆಗಿದ್ದವರು 2001ರಲ್ಲಿ ಮೇಯರ್ ಆಗಕ್ಕೆ ರಿಪಬ್ಲಿಕನ್ ಆದ್ರು, 2007ರಲ್ಲಿ ಯಾವ ಪಾರ್ಟಿನೂ ಬೇಡ ಅಂದ್ರು, 2018ರಲ್ಲಿ ಮತ್ತೆ ಡೆಮಾಕ್ರಟ್. ಸ್ಯಾಂಡರ್ಸ್ ಸೆನೆಟ್ಟಲ್ಲಿ ಇಂಡಿಪೆಂಡೆಂಟ್, ಬಿ ಫಾರಂ ಮಾತ್ರ ಡೆಮಾಕ್ರಟಿಕ್ ಪಾರ್ಟಿದು ಬೇಕು. ಟ್ರಂಪ್ 2001ರಿಂದ 2009ರ ತನಕ ಡೆಮಾಕ್ರಟ್ ಅಂತ ರಿಜಿಸ್ಟರ್ ಆಗಿದ್ದವರು. ನಮ್ಮ ಕಡೆ ಆಗಿದ್ರೆ ಮೂರೂ ಜನಕ್ಕೂ ಒಂದೇ ರೆಸಾರ್ಟ್ ಬುಕ್ ಮಾಡ್ತಿದ್ರು. 2015ರಲ್ಲಿ ರಿಪಬ್ಲಿಕನ್ ಪಾರ್ಟಿ ಎಲ್ಲ ಅಭ್ಯರ್ಥಿಗಳ ಹತ್ರ, ಯಾರು ಗೆದ್ರೂ ಅವರಿಗೇ ಬೆಂಬಲ ಅಂತ ಮುಚ್ಚಳಿಕೆ ಬರೆಸ್ಕೊಂಡಿತು, ಟ್ರಂಪೂ ಸೈನ್ ಹಾಕಿದ್ರು, ಮುಂದಿನ ವರ್ಷ ಮಾರ್ಚಲ್ಲಿ ಅದನ್ನ ಪಾಲಿಸಲ್ಲ ಅಂದ್ರು. ಜುಲೈಯಲ್ಲಿ ಕ್ಲೀವ್‌ಲ್ಯಾಂಡ್ ಕನ್ವೆನ್ಷನ್‌ನಲ್ಲಿ ಟ್ರಂಪ್ ಎದುರು ಸೋತಿದ್ದ ಟೆಡ್ ಕ್ರೂಜ್ ನಿಮ್ಮ ಆತ್ಮಸಾಕ್ಷಿ ಹೇಳಿದ ಹಾಗೆ ಓಟ್ ಮಾಡಿ ಅಂದು ಬೂ ಅನ್ನಿಸ್ಕೊಂಡು ವೇದಿಕೆ ಇಳಿದ್ರು, ಎರಡು ತಿಂಗಳಲ್ಲಿ ಅವರ ಆತ್ಮಸಾಕ್ಷಿನೂ ಟ್ರಂಪ್ ಅಂತಲೇ ಹೇಳ್ತು.

ಆದ್ರೆ ನಮ್ಮ ಬೀದಿಯ ರಿಪಬ್ಲಿಕನ್ ಒಬ್ಬರ ನಿಷ್ಠೆನ ನಾನು ಹಗುರವಾಗಿ ನೋಡಕ್ಕಾಗಲ್ಲ. 2016ರ ಪ್ರೈಮರಿಲಿ ಅವರ ಅಂಗಳದಲ್ಲಿ, ಟ್ರಂಪ್ ಎದುರು ನಿಂತಿದ್ದ ಜಾನ್ ಕೇಸಿಕ್ ಬೋರ್ಡು, ಹಿಮದಲ್ಲಿ ಅರ್ಧ ಹೂತುಹೋಗಿತ್ತು, ದಿನಾ ಬೆಳಗ್ಗೆ ಬಂದು ಹಿಮ ಕೆರೆದು ನೆಟ್ಟಗೆ ನಿಲ್ಲಿಸೋರು. ಟ್ರಂಪ್ ಹೆಸರೆತ್ತಿದ್ರೆ ಮುಖ ಕಿವುಚೋರು. ನವೆಂಬರಲ್ಲಿ ಹಾಕಿದ್ದು ಟ್ರಂಪಿಗೇ. ಆ ವರ್ಷ ಫೆಬ್ರವರಿಲಿ ಜಸ್ಟಿಸ್ ಸ್ಕಲಿಯಾ ತೀರಿಕೊಂಡು ಸುಪ್ರೀಂ ಕೋರ್ಟಲ್ಲಿ ಒಂದು ಸೀಟು ಖಾಲಿ ಇತ್ತು, ಅದಕ್ಕೆ ಜಡ್ಜ್ ಹೆಸರು ಸೂಚಿಸೋದು ಪ್ರೆಸಿಡೆಂಟು, ಅದೊಂದಕ್ಕೋಸ್ಕರ ಅಂದ್ರು. ಇಬ್ಬರೂ ಡ್ರೈವ್‌ವೇ ಹಿಮ ತಳ್ಳುತ್ತಾ ಇದ್ವಿ, ನಾನು ಸ್ವಲ್ಪ ಕೊಂಕಾಗೇ ಕೇಳಿದೆ ಅನ್ಸತ್ತೆ. ಅವರು ಸಲಿಕೆ ಊರಿ ನಿಂತು, "ಪಾದ್ರಿ ಸರಿ ಇಲ್ಲ ಅಂತ ಚರ್ಚ್ ಬಿಡ್ತೀವಾ" ಅಂದ್ರು.

ನಮ್ಮಪ್ಪನೂ ಹಿಂಗೇ ಒಂದು ಚರ್ಚಿನವರು. ಅರಸೀಕೆರೆ ಹತ್ರದ ನಮ್ಮ ಹಳ್ಳಿಲಿ 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂದಾಗ ತೆಂಗಿನ ತೋಟದಲ್ಲೇ ಪಟಾಕಿ ಹೊಡೆದವರು. ಜನತಾ ಪಾರ್ಟಿ ಜನತಾ ದಳ ಆಯ್ತು, ದಳ ಒಡೀತು, ಚಕ್ರದ ಗುರುತು ಹೋಯ್ತು, ಒಂದು ಕಡೆ ಹೆಗಡೆ ಇನ್ನೊಂದು ಕಡೆ ದೇವೇಗೌಡರು. ಅಪ್ಪನ ಮನಸು ಹೆಗಡೆ ಕಡೆ, ಊರೆಲ್ಲ ಗೌಡರ ಕಡೆ. ಪ್ರತಿ ಎಲೆಕ್ಷನ್‌ಗೂ ಒಂದು ವಾರ ಮುಂಚೆಯಿಂದ ಅಪ್ಪ ಮನೇಲಿ ಮಾತು ಕಮ್ಮಿ ಮಾಡೋರು. ಓಟ್ ಹಾಕಿ ಬಂದು ಕಾಲು ತೊಳ್ಕೊಂಡು "ಪಾರ್ಟಿಗೆ ಹಾಕಿದೆ" ಅನ್ನೋರು. ಯಾವ ಪಾರ್ಟಿ ಅಂತ ಅಮ್ಮ ಕೇಳ್ತಿರಲಿಲ್ಲ.

ನಮ್ಮನೇಲಿ ಮಾತು ಕಮ್ಮಿ ಆಗಿದ್ದು 2016ರ ನವೆಂಬರಲ್ಲಿ. ನಾನು ಸಿಟಿಜನ್ ಆಗಿದ್ದು ಅದರ ಹಿಂದಿನ ವರ್ಷ, ಮಗನಿಗೂ ಆಗಷ್ಟೇ ಹದಿನೆಂಟು ತುಂಬಿ ಆನ್ ಆರ್ಬರ್‌ನಲ್ಲಿ ಕಾಲೇಜ್ ಸೇರಿದ್ದ, ಅಂದ್ರೆ ತಾಯಿ ಮಗ ಇಬ್ಬರದ್ದೂ ಮೊದಲ ಓಟು ಒಟ್ಟಿಗೆ. ಮಾರ್ಚಲ್ಲಿ ನಾನು ಹಿಲರಿ, ಅವನು ಸ್ಯಾಂಡರ್ಸ್. ಪೋಲ್‌ಗಳಲ್ಲೆಲ್ಲ ಹಿಲರಿ ಇಪ್ಪತ್ತು ಪಾಯಿಂಟ್ ಮುಂದೆ ಅಂತಿದ್ರು, ಮಿಶಿಗನ್ ಸ್ಯಾಂಡರ್ಸ್ ಗೆದ್ರು, ಅವತ್ತು ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿ ಕೂಗಾಡಿದ, ಖುಷಿಗೆ ಕನ್ನಡನೂ ಸರಿಯಾಗೇ ಬಂತು ಅವನಿಗೆ. ಆಮೇಲೆ ಜುಲೈಯಲ್ಲಿ ಪಾರ್ಟಿ ಆಫೀಸಿನ ಈಮೇಲ್‌ಗಳು ವಿಕಿಲೀಕ್ಸಲ್ಲಿ ಹೊರಗೆ ಬಿದ್ವು, ಅಲ್ಲಿದ್ದವರು ಸ್ಯಾಂಡರ್ಸ್ ಬಗ್ಗೆ ಹೆಂಗೆ ಮಾತಾಡ್ಕೋತಿದ್ರು ಅಂತ ಊರಿಗೆಲ್ಲ ಗೊತ್ತಾಯ್ತು, ಕನ್ವೆನ್ಷನ್ ಶುರುವಾಗೋ ಹೊತ್ತಿಗೆ ಪಾರ್ಟಿ ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಸ್ ಹುದ್ದೆ ಬಿಡಬೇಕಾಯ್ತು. ಪ್ರೈಮರಿಗಳಲ್ಲಿ ಹಿಲರಿಗೆ ಬಂದ ಓಟು ಸ್ಯಾಂಡರ್ಸ್‌ಗಿಂತ ಮೂವತ್ತು ಲಕ್ಷಕ್ಕೂ ಜಾಸ್ತಿ, ಅದನ್ನ ನಾನು ಮಗನಿಗೆ ಹೇಳಿದೆ, ಹತ್ತು ಸಲ ಹೇಳಿದೆ, ಅವನು ಹನ್ನೊಂದನೇ ಸಲ ಫೋನ್ ಎತ್ತಲಿಲ್ಲ. ಸ್ಯಾಂಡರ್ಸೇ ಫಿಲಡೆಲ್ಫಿಯಾದಲ್ಲಿ ಎದ್ದು ನಿಂತು ಹಿಲರಿ ನಮ್ಮ ಅಭ್ಯರ್ಥಿ ಅಂತ ಸೂಚಿಸಿದ್ರು. ಮಗ ಮಾತ್ರ ಒಪ್ಪಲಿಲ್ಲ. ನವೆಂಬರಲ್ಲಿ ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್‌ಗೆ ಹಾಕಿದ.

ಮಿಶಿಗನ್ ನಮ್ಮ ಕೈ ತಪ್ಪಿದ್ದು 10,704 ಓಟಲ್ಲಿ. ಸ್ಟೈನ್‌ಗೆ ಬಿದ್ದಿದ್ದು 51 ಸಾವಿರ ಚಿಲ್ಲರೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮನೆಗೆ ಬಂದ ಮಗನ ಮುಂದೆ ಆ ಎರಡು ನಂಬರ್‌ನ ನಾನು ಊಟದ ತಟ್ಟೆ ಇಟ್ಟ ಹಾಗೆ ಇಟ್ಟೆ. ಅವನೂ ಲೆಕ್ಕ ಮಾಡ್ಕೊಂಡೇ ಬಂದಿದ್ದ. "75 ಸಾವಿರಕ್ಕೂ ಹೆಚ್ಚು ಜನ ಬ್ಯಾಲೆಟ್ ತಗೊಂಡು ಪ್ರೆಸಿಡೆಂಟ್ ಜಾಗ ಖಾಲಿ ಬಿಟ್ಟಿದಾರೆ ಅಮ್ಮ, ಅವರನ್ನ ಯಾಕೆ ಬೈಯಲ್ಲ ನೀನು? ನಾನು ಬೂತ್‌ಗೆ ಹೋಗಿ ಕ್ಯೂ ನಿಂತು ಹಾಕಿದೀನಿ. ನಿಮ್ಮ ಪಾರ್ಟಿ ಹತ್ರ ನಾನೇನು ಸಾಲ ಮಾಡಿದೀನಾ?" ನಾನು ಅಂದೆ, ಸಾಲ ಅಲ್ಲ ಕಣೋ, ಪ್ರೈಮರಿಲಿ ಆಟಕ್ಕೆ ಬಂದ ಮೇಲೆ ಸೋತ್ರೆ ಒಪ್ಕೋಬೇಕು, ಆಟದ ನಿಯಮ ಅದು. ಅವನು, "ಪ್ರತಿ ಸಲನೂ ಒಪ್ಕೊಳ್ಳೋರು ನಾವೇ ಯಾಕೆ? ಬರ್ನಿ ಗೆದ್ದಿದ್ರೆ ನಿಮ್ಮ ಗುಂಪಲ್ಲಿರೋ ಆ ಡಾಕ್ಟರ್ ಅಂಕಲ್, ಆಂಟಿ ಎಲ್ಲ ಬರ್ನಿಗೆ ಹಾಕ್ತಿದ್ರಾ?" ಅಂದ. ನಂಗೆ ಉತ್ತರ ಗೊತ್ತಿತ್ತು, ಕೊಡಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ. ಇವತ್ತಿಗೂ ಅವನು ಮಾಡಿದ್ದು ತಪ್ಪು ಅಂತಲೇ ನಾನು ಹೇಳೋದು, ಆದ್ರೆ ಅವನ ಪ್ರಶ್ನೆ ತಪ್ಪಲ್ಲ. ರಾಜಿ ಅನ್ನೋದು ಎರಡು ಕಡೆಯಿಂದ ಬರ್ಬೇಕು, ಒಂದೇ ಕಡೆಯವರು ಯಾವಾಗಲೂ ಬಗ್ತಾ ಇದ್ರೆ ಅದಕ್ಕೆ ಬೇರೆ ಹೆಸರಿದೆ, ಮನೆ ಸೊಸೆಯಂದಿರನ್ನ ಕೇಳಿ.

ಇದಕ್ಕೆಲ್ಲ ಒಂದು ಸಣ್ಣ ಔಷಧಿ ಇದೆ ಅಂತ ನಂಗನ್ಸತ್ತೆ. 2020ರಲ್ಲಿ ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್ ಈ ನಾಲ್ಕು ಕಡೆ ಡೆಮಾಕ್ರಟಿಕ್ ಪ್ರೈಮರಿಲಿ ಒಂದು, ಎರಡು, ಮೂರು ಅಂತ ನಂಬರ್ ಹಾಕೋ ಥರ ಮಾಡಿದ್ರು, ಮೊದಲನೆಯವರು ಬಿದ್ರೆ ನಿಮ್ಮ ಓಟು ಎರಡನೆಯವರಿಗೆ. ಹಂಗಿದ್ರೆ ನಾನು ಒಂದನೇ ನಂಬರ್ ವಾರನ್‌ಗೆ ಧೈರ್ಯವಾಗಿ ಹಾಕಿ, ಅಂಜಿಕೆನ ಮೂರನೇ ಜಾಗಕ್ಕೆ ತಳ್ಳಿ ಮನೆಗೆ ಬರ್ತಿದ್ದೆ, ಸ್ಪಾಯ್ಲ್ ಗೀಯ್ಲ್ ಏನೂ ಬೇಕಿರಲಿಲ್ಲ. ಮಿಶಿಗನ್ನಲ್ಲಿ ಅದಿಲ್ಲ. ನಮ್ಮಲ್ಲಿರೋದು ಹಾಳೆಯ ಕೊನೆಗೆ ಅನ್‌ಕಮಿಟೆಡ್ ಅನ್ನೋ ಒಂದು ಗೋಲ, ಯಾರಿಗೂ ಬದ್ಧ ಅಲ್ಲ ಅಂತ. 2008ರಲ್ಲಿ ನಮ್ಮ ಸ್ಟೇಟು ರೂಲ್ಸ್ ಮೀರಿ ಪ್ರೈಮರಿನ ಜನವರಿಗೇ ತಂದಿತ್ತು, ಪಾರ್ಟಿ ಸಿಟ್ಟಾಯ್ತು, ಒಬಾಮಾ ತಮ್ಮ ಹೆಸರು ವಾಪಸ್ ತಗೊಂಡ್ರು, ಆಗ ಹಿಲರಿ ಎದುರು ನೂರಕ್ಕೆ ನಲವತ್ತು ಜನ ಆ ಗೋಲನೇ ತುಂಬಿಸಿದ್ರು. ಆಮೇಲೆ ಅದನ್ನ ಯಾರೂ ತಲೆಗೆ ಹಾಕ್ಕೊಂಡಿರಲಿಲ್ಲ.

2024ರ ಫೆಬ್ರವರಿ 27ಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಮತ್ತೆ ಆ ಗೋಲ ತುಂಬಿಸಿದ್ರು, ಗಾಜಾ ವಿಷಯಕ್ಕೆ ಬೈಡನ್ ಮೇಲೆ ಸಿಟ್ಟಾಗಿ. ಮಗ ಈಗ ಡಿಯರ್‌ಬಾರ್ನ್‌ನಲ್ಲಿ ಇರೋದು, ಅವನ ರೂಮ್‌ಮೇಟಿನ ಕುಟುಂಬ ಲೆಬನಾನ್ ಮೂಲದ್ದು. ಅವನು ಅನ್‌ಕಮಿಟೆಡ್ ಹಾಕ್ತೀನಿ ಅಂದಾಗ ನಾನು ಈ ಸಲ ನಂಬರ್ ತೆಗೀಲಿಲ್ಲ, ಪ್ರೈಮರಿ ಇರೋದೇ ಅದಕ್ಕೆ, ಹಾಕು, ನವೆಂಬರಲ್ಲಿ ಮಾತ್ರ ನೋಡ್ಕೋ ಅಂದೆ. ನಾನು ಬೈಡನ್‌ಗೇ ಹಾಕಿದೆ. ಯಾಕೆ ಅಂದ, ಅವರಿಗೆ ವಯಸ್ಸಾಯ್ತು ಅಂತ ನಿಂಗೂ ಅನ್ಸಿತ್ತಲ್ವಾ ಅಂದ. ಅನ್ಸಿತ್ತು. "ಸೇತುವೆ ಅಂದಿದ್ರಲ್ಲಮ್ಮ, ದಾಟಿ ಆಯ್ತಲ್ಲ, ಇನ್ನೂ ಸೇತುವೆ ಮೇಲೇ ನಿಂತಿದೀರಲ್ಲ ಎಲ್ಲ" ಅಂದ. ನಾನು ಪಾರ್ಟಿ, ಒಗ್ಗಟ್ಟು ಅಂತ ಏನೋ ಹೇಳಿದೆ. ಅಪ್ಪನ ಧ್ವನಿ ಥರಾನೇ ಕೇಳಿಸ್ತು ನಂಗೆ.

ಜುಲೈ 21ಕ್ಕೆ ಬೈಡನ್ ಹಿಂದೆ ಸರಿದ್ರು. ಆಗಸ್ಟ್ ಮೊದಲ ವಾರದಲ್ಲಿ ಡೆಲಿಗೇಟುಗಳು, ಅಂದ್ರೆ ಪ್ರೈಮರಿ ರಿಸಲ್ಟ್ ಪ್ರಕಾರ ಕನ್ವೆನ್ಷನ್‌ಗೆ ಹೋಗೋ ಪ್ರತಿನಿಧಿಗಳೆಲ್ಲ, ಆನ್‌ಲೈನಲ್ಲೇ ಓಟ್ ಮಾಡಿ ಕಮಲಾ ಹ್ಯಾರಿಸ್‌ಗೆ ಟಿಕೆಟ್ ಕೊಟ್ರು. ನಾನು ಫೆಬ್ರವರಿಲಿ ಹಾಕಿದ ಓಟು ಏನಾಯ್ತು? ಈ ಸಲ ಸ್ಪಾಯ್ಲ್ ಅಂತ ಬರೆಯಕ್ಕೂ ಯಾರೂ ಕರೀಲಿಲ್ಲ. ಅಮ್ಮನಿಗೆ ವಿವರಿಸಿದ್ರೆ, "ಕೊನೇ ಗಳಿಗೆಲಿ ಬಿ ಫಾರಂ ಬದಲಾಯ್ತು ಅನ್ನು, ಅದಕ್ಯಾಕೆ ಅಷ್ಟು ಉದ್ದ ಹೇಳ್ತೀಯ" ಅಂದ್ರು. ಶಿಕಾಗೋ ಕನ್ವೆನ್ಷನ್‌ಗೆ ದೇಶದಾದ್ಯಂತದಿಂದ ಸುಮಾರು ಮೂವತ್ತು ಜನ ಅನ್‌ಕಮಿಟೆಡ್ ಡೆಲಿಗೇಟುಗಳು ಹೋಗಿದ್ರು, ವೇದಿಕೆ ಮೇಲೆ ಒಬ್ಬ ಪ್ಯಾಲೆಸ್ತೀನ್ ಮೂಲದವರಿಗೆ ಮಾತಾಡಕ್ಕೆ ಬಿಡಿ ಅಂತ ಕೇಳಿದ್ರು, ಬಿಡಲಿಲ್ಲ, ಅವರು ಹೊರಗೆ ಫುಟ್‌ಪಾತ್ ಮೇಲೆ ಕೂತು ಧರಣಿ ಮಾಡಿದ್ರು. ಐದು ನಿಮಿಷ ಮೈಕ್ ಕೊಟ್ಟಿದ್ರೆ ಏನು ಹೋಗ್ತಿತ್ತೋ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಯಾರೋ ಒಳಗೆ ಕೂತವರು, ಮೆಕಾಂಬ್ ಅಣ್ಣ ಒಪ್ಪಲ್ಲ ಅಂದಿರ್ತಾರೆ. ನವೆಂಬರಲ್ಲಿ ಮಗ ಏನು ಮಾಡಿದ ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಟ್ರಂಪ್ ಮಿಶಿಗನ್ನ ಎಂಬತ್ತು ಸಾವಿರದಷ್ಟು ಅಂತರದಲ್ಲಿ ಗೆದ್ರು. ಆ ಥ್ಯಾಂಕ್ಸ್‌ಗಿವಿಂಗ್‌ಗೆ ಅವನು ಬಂದಾಗ ಇಬ್ಬರೂ ಸೇರಿ ಒಬ್ಬಟ್ಟು ಮಾಡಿದ್ವಿ, ಹರಿದು ಹೋದ್ವು, ಹೂರಣ ಹಂಗೇ ತಿಂದ್ವಿ.

ಈಗ ಮುಂದಿನದಕ್ಕೆ ಮಾತು ಶುರುವಾಗಿದೆ, ಯಾರು ನಿಲ್ತಾರೆ ಯಾರು ಬಿಡ್ತಾರೆ ಯಾವುದೂ ಗೊತ್ತಿಲ್ಲ, ಆದ್ರೂ ಮಾತು. ಮೊನ್ನೆ ಒಬ್ಬರ ಮನೆ ಸತ್ಯನಾರಾಯಣ ಪೂಜೆಲಿ ಪ್ರಸಾದಕ್ಕೆ ಕೂತಾಗ ಪಕ್ಕದಲ್ಲಿದ್ದ ಹುಡುಗಿ, ಮೂವತ್ತು ಮೂವತ್ತೆರಡು ವಯಸ್ಸಿರಬಹುದು, ಇತ್ತೀಚೆಗೆ ಸಿಟಿಜನ್ ಆದವಳು, ವಿಟ್ಮರ್ ನಿಂತ್ರೆ ಚೆನ್ನಾಗಿರತ್ತೆ ಅಂದ್ಳು. ಮಿಶಿಗನ್ನಲ್ಲೇ ಎರಡು ಸಲ ಗವರ್ನರ್ ಆಗಿ ಗೆದ್ದವರು, ಎರಡೂ ಸಲ ಆ ಮೆಕಾಂಬ್ ಕೌಂಟಿನೂ ಗೆದ್ದವರು. ಹೂಂ ಅಂತ ನಾನು ಬಾಯಿ ತೆಗೆಯೋಷ್ಟರಲ್ಲಿ ಅವಳೇ, "ಆದ್ರೆ ಆಂಟಿ, ಹಿಲರಿ ಆಯ್ತು ಕಮಲಾ ಆಯ್ತು, ಇನ್ನು ಹೆಂಗಸನ್ನ ಜನ ಒಪ್ಪಲ್ಲ" ಅಂತ ಸೇರಿಸಿದ್ಳು.

ಯಾವ ಜನ ಅಂತ ಕೇಳಿದೆ.

ಅವಳು ಸಜ್ಜಿಗೆಲಿ ಸಿಕ್ಕ ಏಲಕ್ಕಿ ಸಿಪ್ಪೆ ತಟ್ಟೆ ಅಂಚಿಗೆ ಇಟ್ಟು, ಸ್ವಲ್ಪ ಯೋಚನೆ ಮಾಡಿ, ಬೇಜಾರು ಮಾಡ್ಕೋಬೇಡಿ ಅಂತ ಮೊದಲೇ ಹೇಳಿ, "ನಿಮ್ಮ ಏಜ್ ಗ್ರೂಪ್‌ನವರು" ಅಂದ್ಳು.